ಅಮ್ಮನನ್ನು ನೋಡಲು ಬರುವವರಿಗೆ ಹೇಗೆ ಬೇಡ ಅನ್ನಲಿ?

ಸಮಸ್ಯೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ಬಿಳಿ ರಕ್ತಕಣದ ಕೌಂಟ್ ಇಳಿದಿದೆ, ಸೋಂಕು ಬೇಗ ತಗಲುತ್ತದೆ, ಯಾರನ್ನೂ ಹತ್ತಿರ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನೆಂಟರು ಹಣ್ಣು ಹಿಡಿದುಕೊಂಡು ಬರುತ್ತಲೇ ಇರುತ್ತಾರೆ. ಬೇಡ ಅಂದರೆ ಮುನಿಸು. ಅಮ್ಮನೂ ‘ನನ್ನನ್ನು ಮೂಲೆಗೆ ಕೂರಿಸಿಬಿಟ್ಟೆ’ ಎಂದು ಅಳುತ್ತಾಳೆ. ಮನೆಯಲ್ಲಿ ಅಣ್ಣನ ಪುಟ್ಟ ಮಗುವೂ ಇದೆ.
– ನೊಂದ ಮಗಳು, ಹಾಸನ

ಓದುಗರ ಸ್ಪಂದನ

ತಂಗಿ, ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ. ಅಮ್ಮ ಚೇತರಿಸಿಕೊಂಡ ಮೇಲೆ ಒಂದು ಊಟ ಹಾಕಿದರೆ ಎಲ್ಲ ಸರಿಹೋಗುತ್ತದೆ. ನಮ್ಮ ಅತ್ತೆಯ ಕೀಮೋ ಸಮಯದಲ್ಲಿ ನಮ್ಮ ಮನೆಯಲ್ಲೂ ಇದೇ ಗೋಳು. ಡಾಕ್ಟರ ಹತ್ತಿರ ‘ಭೇಟಿ ಬೇಡ’ ಎಂದು ಒಂದು ಚೀಟಿ ಬರೆಸಿಕೊಂಡು ಬಾಗಿಲಿಗೇ ಅಂಟಿಸಿದೆವು. ಸೊಸೆ ಹೇಳಿದರೆ ಸೊಕ್ಕು ಅನ್ನುತ್ತಾರೆ, ಡಾಕ್ಟರು ಬರೆದರೆ ಯಾರೂ ಮಾತಾಡಲ್ಲ! ನೆಂಟರಿಗೆಲ್ಲ ಫೋನ್ ಮಾಡಿ ತಿಳಿಸುವ ಕೆಲಸವನ್ನು ಸೋದರಮಾವನಿಗೆ ಒಪ್ಪಿಸಿದೆವು.

ಬರುವವರದ್ದೂ ಪ್ರೀತಿಯೇ ಅಲ್ವಾ? ನೋಡಲು ಹೋಗದಿದ್ದರೆ ನಾಳೆ ಯಾರೇನು ಅಂದಾರು ಅನ್ನುವ ಭಯವೂ ಇರುತ್ತದೆ. ಹಾಗಾಗಿ ಸುಮ್ನೆ ‘ಬರಬೇಡಿ’ ಅನ್ನುವ ಬದಲು ಏನಾದರೂ ಕೆಲಸ ಹೇಳಿ. ಲ್ಯಾಬಿನಿಂದ ರಿಪೋರ್ಟ್ ತರಲಿ, ಔಷಧಿ ತರಲಿ, ಆಸ್ಪತ್ರೆಗೆ ಕರೆದೊಯ್ಯಲು ಕಾರು ಕೊಡಲಿ.

ಅಮ್ಮನ ಅಳುವೇ ನಿಜವಾದ ಕಷ್ಟ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕೋಣೆ ಅಂದ ಕೂಡಲೇ ನಮ್ಮ ಅತ್ತೆಗೆ ತಾವು ಮೈಲಿಗೆ ಆದೆವು ಅನ್ನಿಸಿತ್ತು. ಪಕ್ಕದ ಮನೆಯವರು ಬೇರೆ ‘ಅಂಟುತ್ತೇನೋ’ ಅಂದಿದ್ದರು. ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲವೇ ಅಲ್ಲ. ನಾನು ಅತ್ತೆಗೆ ಹೇಳಿದ್ದು ಇಷ್ಟೇ: ‘ಈಗ ಮಡಿಯಲ್ಲಿ ಇರೋದು ನೀವು. ಮೈಲಿಗೆ ನಾವು. ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಬರಬೇಕಾದವರು ನಾವೇ.’ ಮಡಿ ಅವರಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಆಮೇಲೆ ನಾನು ಕೈ ತೊಳೆಯದೆ ಒಳಗೆ ಕಾಲಿಟ್ಟರೆ ಅವರೇ ಗದರುತ್ತಿದ್ದರು.
– ಗೃಹಿಣಿ, ಶಿವಮೊಗ್ಗ

ನಾನು ನರ್ಸ್. ಮೊದಲು ಜ್ವರದ ಮಾತು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. ಚಳಿ ಬಂದು ನಡುಗಿದರೂ ಅಷ್ಟೇ. ಆಸ್ಪತ್ರೆಯ ಬಾಗಿಲಲ್ಲೇ ‘ಕೀಮೋ ಆಗಿದೆ, ಜ್ವರ ಬಂದಿದೆ’ ಎಂದುಬಿಡಿ. ಸಾಲಿನಲ್ಲಿ ಕಾಯುವ ಜ್ವರ ಅಲ್ಲ ಅದು.

ಸಾಮಾನ್ಯವಾಗಿ ಕೀಮೋ ಕೊಟ್ಟ 7ರಿಂದ 14 ದಿನದ ಒಳಗೆ ಕೌಂಟ್ ತೀರಾ ಕೆಳಗಿಳಿಯುತ್ತದೆ, ಆಮೇಲೆ ಏರುತ್ತದೆ. ಕೊಡುವ ಔಷಧಿಯ ಮೇಲೆ ಇದು ಬದಲಾಗುತ್ತದೆ, ನಿಮ್ಮ ಡಾಕ್ಟರನ್ನೇ ಕೇಳಿ ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕೌಂಟ್ ಏರಿದ ಮೇಲೆ ಜಗಲಿಯಲ್ಲಿ ಮಾಸ್ಕ್ ಹಾಕಿಕೊಂಡು ಒಬ್ಬಿಬ್ಬರ ಜೊತೆ ಕೂರಬಹುದಾ ಎಂದೂ ಕೇಳಿ. ಇಂಥ ದಿನ ಅಕ್ಕ ಬರ್ತಾಳೆ ಅಂತ ಗೊತ್ತಿದ್ದರೆ ಅಮ್ಮನಿಗೂ ದಿನ ದೂಡುವುದು ಹಗುರ.

ಊಟ ಬಿಸಿಬಿಸಿ ಇರಲಿ. ಕೋಸಂಬರಿ, ಹೊರಗಡೆ ಹೆಚ್ಚಿಟ್ಟ ಹಣ್ಣು, ಕಾಯಿಸದ ಹಾಲು ಸದ್ಯಕ್ಕೆ ಬೇಡ. ಯಾರೋ ಹೇಳಿದರೆಂದು ಕಷಾಯ ಕುಡಿಸಬೇಡಿ. ತುಳಸಿ ಕಟ್ಟೆಯ ಮಣ್ಣು ಕೆದಕುವುದು ಬೇಡ, ನೀರು ನೀವು ಹಾಕಿ.

ಮಗುವಿಗೆ ಲಸಿಕೆ ತಪ್ಪಿಸಬೇಡಿ. ಆದರೆ ಪೋಲಿಯೊ ಹನಿ ಹಾಕಿಸುವ ಮುಂಚೆ ಅಮ್ಮನ ಡಾಕ್ಟರಿಗೂ ಮಗುವಿನ ಡಾಕ್ಟರಿಗೂ ತಿಳಿಸಿ. ಹನಿಯಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್, ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತದೆ. ಚುಚ್ಚುಮದ್ದಿನ ಪೋಲಿಯೊ ಲಸಿಕೆಯೂ ಇದೆ.
– ನರ್ಸ್, ಹುಬ್ಬಳ್ಳಿ

ಆ ಕೋಣೆಯಲ್ಲಿ ಕೂತು ಬಂದವಳು ನಾನು. ಇಂದು ಏನು ಅಡುಗೆ, ಹಾಲಿನವನಿಗೆ ಎಷ್ಟು ಕೊಡಬೇಕು, ಇದನ್ನೆಲ್ಲ ಅಮ್ಮನನ್ನೇ ಕೇಳಿ ಮಗಳೇ. ಮನೆಯವರೆಲ್ಲ ನನ್ನನ್ನು ಕೇಳದೆ ಎಲ್ಲ ನಿಭಾಯಿಸತೊಡಗಿದಾಗ ಕೀಮೋಗಿಂತ ಜಾಸ್ತಿ ನೋವಾಗಿತ್ತು. ಹೂಬತ್ತಿ ಹೊಸೆಯಲು ಒಂದಿಷ್ಟು ಹೊಸ ಹತ್ತಿ ಕೊಡಿ, ಕೈಗೆ ಕೆಲಸ ಇರುತ್ತದೆ.

ನೀವೂ ಮಲಗಿ. ಅಣ್ಣ ವಾರದಲ್ಲಿ ಕೆಲವು ರಾತ್ರಿ ಅಮ್ಮನ ಹತ್ತಿರ ಇರಲಿ, ಮಗ ಎಂದು ಬಿಡಬೇಡಿ. ತಡೆಯಲಾಗದಷ್ಟು ದುಃಖ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೂ ಆ ನಂಬರ್ ಬರೆದುಕೊಡಿ.
– ನಿವೃತ್ತ ಶಿಕ್ಷಕಿ, ಮೈಸೂರು