ಕೇರ್‌ಟೇಕರ್ ಸರಿಯಾಗಿ ನೋಡಿಕೊಳ್ಳುತ್ತಿದ್ದಾರಾ? ನರ್ಸ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಮನೆ ಆರೈಕೆಯಲ್ಲಿ ಹಲವು ವರ್ಷ ಕೆಲಸ ಮಾಡಿದ ನರ್ಸ್ ಮೇಡಂ ಇವತ್ತು ನಮ್ಮ ಗ್ರೂಪಿನಲ್ಲಿದ್ದಾರೆ. ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆ ಇರುವವರಿಗೆ, ತಮ್ಮ ಕಷ್ಟ ತಾವು ಹೇಳಿಕೊಳ್ಳಲಾಗದವರಿಗೆ ಏಜೆನ್ಸಿಯಿಂದ ಸಿಗುವ ಆರೈಕೆ ಹೇಗಿದೆ ಅಂತ ತಿಳಿಯೋದು ಹೇಗೆ, ಇದೇ ವಿಷಯ. ಫಾರ್ವರ್ಡ್ ಬೇಡ.

ಸದಸ್ಯ 1: ನಾವು ನೋಡಿರುವ ಏಜೆನ್ಸಿಗೆ 5 ಸ್ಟಾರ್ ರೇಟಿಂಗ್ ಇದೆ. ನಂಬಬಹುದಾ ಮೇಡಂ?

ನರ್ಸ್: ಸ್ಟಾರ್ ಕೊಟ್ಟಿದ್ದು ಮನೆಯವರು, ಹಾಸಿಗೆಯಲ್ಲಿ ಮಲಗಿದವರಲ್ಲ. ದಿನಾ ಒಬ್ಬರೇ ಬರುತ್ತಾರಾ, ವಾರಕ್ಕೊಬ್ಬರು ಬದಲಾಗುತ್ತಾರಾ? ಅವರು ರಜೆ ಹಾಕಿದರೆ ಯಾರು ಬರುತ್ತಾರೆ? ಮೇಲ್ವಿಚಾರಕರು ಮನೆಗೆ ಬಂದು ನೋಡುತ್ತಾರಾ, ಫೋನಿನಲ್ಲೇ ಮುಗಿಸುತ್ತಾರಾ? ಇದನ್ನು ಕೇಳಿ.

ಸದಸ್ಯೆ 2: ನಮ್ಮ ತಂದೆಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದಿದೆ, ಮಾತಿಲ್ಲ. ಹೊಸ ಕೇರ್‌ಟೇಕರ್ ಬಂದು 3 ವಾರ ಆಯಿತು. ಕೆಲಸ ಅಚ್ಚುಕಟ್ಟು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಮೊದಲು ಅಪ್ಪ ರಾತ್ರಿಯೆಲ್ಲ ಕೂಗುತ್ತಿದ್ದರು. ಈಗ ಶಾಂತವಾಗಿದ್ದಾರೆ, ಹಗಲೂ ನಿದ್ದೆ. ಹಿಮ್ಮಡಿಯಲ್ಲಿ ಮಾತ್ರ ಒಂದು ಕೆಂಪು ಮಚ್ಚೆ ಬಂದಿದೆ. ಏನು ಹಚ್ಚಲಿ?

ನರ್ಸ್: ಹಚ್ಚೋದು ಆಮೇಲೆ. ಆ ಪುಸ್ತಕದ ಫೋಟೋ ಹಾಕಿ, ಹೆಸರು ಮುಚ್ಚಿ.

ಸದಸ್ಯ 3: ಹಿಮ್ಮಡಿಗೆ ಗ್ಲೌಸಿನಲ್ಲಿ ನೀರು ತುಂಬಿ ಕೆಳಗಿಡಿ, ಸ್ಪಿರಿಟ್ ಹಚ್ಚಿ ಚೆನ್ನಾಗಿ ಉಜ್ಜಿ. 3 ದಿನದಲ್ಲಿ ಹೋಗುತ್ತದೆ. ನನಗೆ ಬಂದಿದ್ದು, ಎಲ್ಲರಿಗೂ ಉಪಯೋಗವಾಗಲಿ ಅಂತ ಕಳಿಸುತ್ತಿದ್ದೇನೆ 🙏

ನರ್ಸ್: ಆಗಲ್ಲ. ನೀರಿನ ಗ್ಲೌಸ್ ಒತ್ತಡ ಕಡಿಮೆ ಮಾಡಲ್ಲ. ಸ್ಪಿರಿಟ್ ಚರ್ಮ ಒಣಗಿಸುತ್ತದೆ. ಕೆಂಪಾದ ಜಾಗ ಉಜ್ಜಿದರೆ ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟು. ನಡುವೆ ತೂತಿರುವ ರಿಂಗ್ ದಿಂಬೂ ಬೇಡ, ಅದರ ಅಂಚೇ ರಕ್ತ ಓಡಾಡದಂತೆ ಒತ್ತುತ್ತದೆ.

ಸದಸ್ಯೆ 2: ಫೋಟೋ ಹಾಕಿದ್ದೇನೆ ಮೇಡಂ.

ನರ್ಸ್: ನೋಡಿದೆ. 6, 8, 10, 12. ಒಂದು ನಿಮಿಷವೂ ಆಚೀಚೆ ಇಲ್ಲ. ಮೂರು ದಿನದ್ದೂ ಒಂದೇ ಉಸಿರಿನಲ್ಲಿ ಬರೆದ ಹಾಗಿದೆ. ನಿಜವಾಗಿ ಮಗ್ಗುಲು ಬದಲಿಸುವವರ ಪುಸ್ತಕದಲ್ಲಿ 8:20, 10:05, ‘ಡೈಪರ್ ಬದಲಿಸಿದೆ, ತಡ ಆಯಿತು’ ಅಂತೆಲ್ಲ ಇರುತ್ತದೆ. ಮಂಗಳವಾರ ಮಧ್ಯಾಹ್ನ 2ಕ್ಕೆ ‘ಎಡ ಮಗ್ಗುಲು’ ಅಂತಿದೆ. ಅವತ್ತು ನೀವು ಮನೆಯಲ್ಲಿದ್ದಿರಾ?

ಸದಸ್ಯೆ 2: ಅಯ್ಯೋ. ಮಂಗಳವಾರ 12ರಿಂದ 4ರವರೆಗೆ ಅಪ್ಪ ನನ್ನ ಜೊತೆ ಸ್ಕ್ಯಾನಿಂಗಿಗೆ ಬಂದಿದ್ದರು. ವೀಲ್‌ಚೇರಿನಲ್ಲಿ.

ನರ್ಸ್: ಹಾಗಾದರೆ ಪುಸ್ತಕ ಮುಚ್ಚಿಡಿ, ಮೈ ನೋಡಿ. ಆ ಮಚ್ಚೆಯನ್ನು ಬೆರಳಿನಿಂದ 3 ಸೆಕೆಂಡ್ ಒತ್ತಿ ಬಿಡಿ. ಬಿಳಿಯಾಗಿ ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಬಿಳಿಯಾಗದೆ ಹಾಗೇ ಕೆಂಪಾಗಿದ್ದರೆ ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಬಣ್ಣ ಗೊತ್ತಾಗಲ್ಲ. ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ಮುಖ ಕಿವಿಚುತ್ತಾರಾ ನೋಡಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಇಡಿ. ಸೊಂಟದ ಹಿಂದೆ, ಪೃಷ್ಠದ ಪಕ್ಕ, ಭುಜದ ಹಿಂದೆ, ತಲೆಯ ಹಿಂಭಾಗ, ಕಿವಿ, ಎಲ್ಲ ನೋಡಿ.

ಆದರೆ ನನಗೆ ಜಾಸ್ತಿ ಚಿಂತೆ ಹಿಮ್ಮಡಿಯದ್ದಲ್ಲ, ಆ ‘ಶಾಂತ’ದ್ದು. ಮಾತಿಲ್ಲದವರಿಗೆ ಕೂಗೇ ಮಾತು. ನೋವಿರಬಹುದು, ಡೈಪರ್ ಒದ್ದೆಯಿರಬಹುದು, ಕೂಗುತ್ತಾರೆ. ಅದು 3 ವಾರದಲ್ಲಿ ನಿಂತಿದೆ ಅಂದರೆ ಯಾಕೆ ಅಂತ ಕೇಳಬೇಕು. ಮಾತ್ರೆ ಸ್ಟ್ರಿಪ್ ತೆಗೆದು ಎಣಿಸಿ. ತಂದಿದ್ದು ಎಷ್ಟು, ಕೊಡಬೇಕಾಗಿದ್ದು ಎಷ್ಟು, ಉಳಿದಿದ್ದು ಎಷ್ಟು? ನಿದ್ದೆ ಮಾತ್ರೆ ಜಾಸ್ತಿ ಹೋಗಿರಬಹುದು. ಸೋಂಕು, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಇನ್ನೊಂದು ಸ್ಟ್ರೋಕ್, ಇವೂ ಹೀಗೇ ಮಂಪರು ತರುತ್ತವೆ. ಅದಕ್ಕೇ ಯಾರ ಮೇಲೂ ಈಗಲೇ ಕೂಗಾಡಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮಂಪರಿನಲ್ಲಿದ್ದಾಗ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಸದಸ್ಯೆ 4: ಏಜೆನ್ಸಿ ರೇಟಿಂಗ್ ನೋಡಿ ಆರಿಸಬಹುದಾ ಮೇಡಂ?

ನರ್ಸ್: ಮೇಲೆ ಓದಿ.

ಸದಸ್ಯೆ 5: ನನ್ನ ತಮ್ಮನಿಗೆ 34, ಬುದ್ಧಿ ಬೆಳವಣಿಗೆ ಕಡಿಮೆ. ಇಬ್ಬರು ಸರದಿಯಲ್ಲಿ ಬರುತ್ತಾರೆ. ಅವರಲ್ಲಿ ಒಬ್ಬ ಬಂದ ದಿನ ಮಾತ್ರ ಸ್ನಾನದ ಮನೆಗೆ ಹೋಗಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಾನೆ. ಇದೇನು?

ಸದಸ್ಯ 6: ಇಷ್ಟೆಲ್ಲ ಯಾಕೆ? ರೂಮಿಗೊಂದು ಕ್ಯಾಮೆರಾ ಹಾಕಿ, ಕಳ್ಳಾಟ ನಿಲ್ಲುತ್ತದೆ.

ಸದಸ್ಯೆ 7: ನಾನು ಕೇರ್‌ಟೇಕರ್. ಡೈಪರ್ ಬದಲಿಸೋದನ್ನೂ ಫೋನಿನಲ್ಲಿ ನೋಡುತ್ತೀರಾ ಸರ್? ನಿಮ್ಮ ತಂದೆಗೆ ಮಾನ ಇಲ್ವಾ?

ಸದಸ್ಯ 6: ನಿಯತ್ತಾಗಿ ಕೆಲಸ ಮಾಡುವವರಿಗೆ ಭಯ ಯಾಕಮ್ಮ?

ಸದಸ್ಯೆ 7: ಒಬ್ಬರನ್ನೇ 24 ಗಂಟೆ ಇಟ್ಟುಕೊಂಡು ರಾತ್ರಿಯೂ 2 ಗಂಟೆಗೊಮ್ಮೆ ಏಳು ಅಂತೀರಿ. ಒಂದು ವಾರ ನೀವು ಎದ್ದು ನೋಡಿ.

ಸದಸ್ಯ 3: ಹೆತ್ತವರನ್ನು ಮಕ್ಕಳೇ ನೋಡಿಕೊಂಡರೆ ಈ ಗಲಾಟೆಯೇ ಇರಲ್ಲ.

ಸದಸ್ಯೆ 2: ನೀವು ಗ್ಲೌಸಿಗೆ ನೀರು ತುಂಬುತ್ತಾ ಇರಿ ಸರ್.

ನರ್ಸ್: ಕೇರ್‌ಟೇಕರ್ ಅಕ್ಕ ಹೇಳಿದ್ದು ಸರಿ. ಹಗಲೂ ರಾತ್ರಿ ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಆಗುತ್ತದೆ ಅಂತ ಏಜೆನ್ಸಿ ಒಪ್ಪಿಕೊಂಡು, ನೀವು ನಂಬಿದ ದಿನವೇ ಸುಳ್ಳು ಪುಸ್ತಕ ಶುರುವಾಗುತ್ತದೆ. ರಾತ್ರಿಗೆ ಬೇರೆಯವರು ಬೇಕು, ಇಲ್ಲ ಮನೆಯವರು ಏಳಬೇಕು. ಕ್ಯಾಮೆರಾ ಹಾಕುವ ಮುಂಚೆ ಮಲಗಿರುವವರ ಒಪ್ಪಿಗೆ ಕೇಳಿ. ತಲೆಯಾಡಿಸಲು ಬರುತ್ತದಲ್ವಾ?

ಸದಸ್ಯ 8: ಹಾಗಾದರೆ ಪುಸ್ತಕಕ್ಕೆ ಬೆಲೆಯೇ ಇಲ್ವಾ?

ನರ್ಸ್: ಇದೆ. ಡೊನಬೇಡಿಯನ್ ಅನ್ನುವ ವೈದ್ಯರು 1966ರಲ್ಲೇ ಬರೆದಿದ್ದಾರೆ, ಆರೈಕೆಯ ಗುಣಮಟ್ಟವನ್ನು ಮೂರು ಕಡೆ ನೋಡಬೇಕು: ಏನೇನು ಇದೆ, ಏನು ಮಾಡುತ್ತಾರೆ, ಕೊನೆಗೆ ಏನಾಯಿತು. ಪುಸ್ತಕ ಹೇಳೋದು ಎರಡನೆಯದನ್ನು ಮಾತ್ರ. ನೀವೆಲ್ಲ ಮೊದಲೆರಡಕ್ಕೇ ನಿಲ್ಲುತ್ತೀರಿ, ಕೊನೆಯದನ್ನು ನೋಡಲ್ಲ. 60 ಕೆಜಿ ಇದ್ದವರು ಒಂದು ತಿಂಗಳಲ್ಲಿ 3 ಕೆಜಿ ಇಳಿದರೆ ಊಟದ ಚಾರ್ಟ್ ಏನೇ ಹೇಳಲಿ, ಊಟ ಹೋಗುತ್ತಿಲ್ಲ, ಇಲ್ಲ ಕಾಯಿಲೆ ಇದೆ.

ಸದಸ್ಯ 9: ಮೇಡಂ ರೇಟಿಂಗ್...

ನರ್ಸ್: ಮೂರನೇ ಸಲ.

ಸದಸ್ಯೆ 2: ಎಣಿಸಿದೆ. ನಿದ್ದೆ ಮಾತ್ರೆ 9 ಉಳಿಯಬೇಕಿತ್ತು, 2 ಇದೆ. ಡಾಕ್ಟರ್ ಈಗಲೇ ಕರೆದುಕೊಂಡು ಬನ್ನಿ ಅಂದರು, ಹೊರಟಿದ್ದೇವೆ.

ನರ್ಸ್: ಖಾಲಿ ಸ್ಟ್ರಿಪ್, ಪುಸ್ತಕ ಎರಡೂ ತೆಗೆದುಕೊಂಡು ಹೋಗಿ. ಅಲ್ಲಿಂದ ತಿಳಿಸಿ.

ಅಡ್ಮಿನ್: ಗಲಾಟೆ ಜಾಸ್ತಿ ಆಯಿತು. 10 ನಿಮಿಷದಲ್ಲಿ ಗ್ರೂಪ್ ಲಾಕ್ ಮಾಡುತ್ತೇನೆ.

ಸದಸ್ಯ 6: ಮಾತ್ರೆ ಕದ್ದವರು ಯಾರು ಅಂತ ಕ್ಯಾಮೆರಾ ಇದ್ದಿದ್ದರೆ ಗೊತ್ತಾಗುತ್ತಿತ್ತು.

ಸದಸ್ಯೆ 7: ಕದ್ದರು ಅಂತ ಯಾರು ಹೇಳಿದರು ನಿಮಗೆ?

ಸದಸ್ಯೆ 5: ಮೇಡಂ, ನನ್ನ ತಮ್ಮನ ವಿಷಯ ಕೇಳಿದ್ದೆ. ನಾಳೆ ಆ ಹುಡುಗನ ಸರದಿ.