34 ಪುಟಗಳ ಕರಾರು, ಕುವೆಂಪುನಗರದ ಮನೆ

ದೊಡ್ಡಣ್ಣ: ದೇವನಹಳ್ಳಿ ಬಳಿಯ ಹಿರಿಯರ ವಸತಿ ಸಮುಚ್ಚಯದವರು ಕಳಿಸಿರುವ ಕರಾರಿನ ಕರಡನ್ನು ನಮ್ಮ ಮನೆಯವರ ಈ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. ಒಟ್ಟು 34 ಪುಟಗಳಿವೆ, ದಯವಿಟ್ಟು ಎಲ್ಲರೂ ಓದಿ. ಜೂನ್‌ನಲ್ಲಿ ಅಪ್ಪ ಬಚ್ಚಲಮನೆಯಲ್ಲಿ ಜಾರಿ ಬಿದ್ದಾಗ ಅಮ್ಮ ಒಬ್ಬಳೇ ಅವರನ್ನು ಎಬ್ಬಿಸಲಾರದೆ, ಪಕ್ಕದ ಮನೆಯವರು ಬರುವವರೆಗೆ ಮುಕ್ಕಾಲು ಗಂಟೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು ಎಂಬುದು ನೆನಪಾದರೆ ಅಮೆರಿಕದ ಎಡಿಸನ್‌ನಲ್ಲಿರುವ ನನಗೆ ಇಂದಿಗೂ ನಿದ್ದೆ ಬರುವುದಿಲ್ಲ. ಅಲ್ಲಿ ಬಚ್ಚಲಿನ ಗೋಡೆಗೆ ಹಿಡಿಕೆಗಳಿವೆ, ಎಳೆದರೆ ದಾದಿ ಬರುವ ಕರೆಗಂಟೆಯಿದೆ, ಸ್ಟ್ರೆಚರ್ ಹಿಡಿಸುವಷ್ಟು ದೊಡ್ಡ ಲಿಫ್ಟ್ ಇದೆ. ಮೈಸೂರಿನ ಕುವೆಂಪುನಗರದ ಮನೆಯನ್ನು ಮಾರಿ ಠೇವಣಿ ಕಟ್ಟೋಣ ಎಂಬುದು ನನ್ನ ಅಭಿಪ್ರಾಯ.

ಸೋದರಮಾವ: ಮೂರು ಮಕ್ಕಳಿರುವಾಗ ಅಕ್ಕ ಮತ್ತು ಭಾವ ಹಣ ಕೊಟ್ಟು ಬೇರೆಯವರ ಆಸರೆಯಲ್ಲಿರಬೇಕೆ ಎಂಬುದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಕಿರಿಯವಳು ಬೆಂಗಳೂರಿನಲ್ಲೇ ಇದ್ದಾಳೆ. ಮನೆಯನ್ನು ಅವಳ ಹೆಸರಿಗೆ ದಾನಪತ್ರ ಮಾಡಿಕೊಟ್ಟು ಅವಳ ಜೊತೆಯಲ್ಲೇ ಇರಲಿ.

ನಾನು: ಮಾವ, ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಹೋದ ವರ್ಷ ಅವರಿಬ್ಬರೂ ನಮ್ಮ ಮನೆಯಲ್ಲಿ ಇಪ್ಪತ್ತು ದಿನ ಇದ್ದಾಗ, ಬೆಳಿಗ್ಗೆ ಒಂಬತ್ತಕ್ಕೆ ನಾವು ಹೊರಟರೆ ರಾತ್ರಿ ಏಳೂವರೆಯವರೆಗೆ ಅವರ ಜೊತೆ ಮಾತಾಡುವ ಒಬ್ಬ ಮನುಷ್ಯನೂ ಇರಲಿಲ್ಲ. ಇನ್ನು ದಾನಪತ್ರದ ಮಾತು. ನನಗೆ ಆ ಮನೆ ಬೇಡ. ಯಾರ ಹೆಸರಿಗೇ ಆಗಲಿ, ಕೊಡುವುದಾದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆ ಷರತ್ತು ಮುರಿದಾಗ ಪತ್ರವನ್ನು ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ದಾರಿ ಕೊಡುತ್ತದೆ.

ಅಣ್ಣ, ನಾನು 34 ಪುಟಗಳನ್ನೂ ಎರಡು ಸಲ ಓದಿದೆ. ಇದು ಮನೆ ಕೊಳ್ಳುವ ಪತ್ರವಲ್ಲ. ಠೇವಣಿಯಿಟ್ಟು ಬದುಕಿರುವವರೆಗೆ ವಾಸಿಸುವ ಹಕ್ಕನ್ನು ಪಡೆಯುವ ಪತ್ರ. ಮನೆ ಮಾರಿದ ಲಾಭದಿಂದ ಇನ್ನೊಂದು ವಾಸದ ಮನೆಯನ್ನು ಕೊಂಡರೆ ಇಲ್ಲವೇ ಕಟ್ಟಿಸಿದರೆ ತೆರಿಗೆ ವಿನಾಯಿತಿ ಸಿಗುತ್ತದೆ. ಠೇವಣಿ ಇಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಠೇವಣಿ ವಾಪಸು ಬರುವುದು ಆ ಮನೆಗೆ ಮುಂದಿನ ನಿವಾಸಿ ಬಂದ ಮೇಲೆ ಎಂದಿದೆ, ಅದಕ್ಕೆ ಕಾಲಮಿತಿಯೇ ಇಲ್ಲ. ಇಬ್ಬರಿಗೂ ಸೇರಿ ತಿಂಗಳಿಗೆ 60,000 ರೂಪಾಯಿ ಶುಲ್ಕ, ವರ್ಷಕ್ಕೆ ಶೇಕಡಾ 10 ಏರಿಕೆ ಎಂದು ಬರೆದಿದ್ದಾರೆ. ಏಳು ವರ್ಷಕ್ಕೆ ಅದು ಹತ್ತಿರಹತ್ತಿರ 1 ಲಕ್ಷ 17 ಸಾವಿರವಾಗುತ್ತದೆ, ಅಪ್ಪನ ಪಿಂಚಣಿ ಆ ವೇಗದಲ್ಲಿ ಏರುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 19ನೇ ಪುಟ. ನಿವಾಸಿಗೆ ನಿರಂತರ ಶುಶ್ರೂಷೆ ಬೇಕಾದರೆ, ಅಥವಾ ಮರೆವು ಹೆಚ್ಚಿ ಒಬ್ಬರೇ ಇರಲಾಗದಿದ್ದರೆ, 60 ದಿನಗಳೊಳಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳುವಂತೆ ಸಂಸ್ಥೆ ಹೇಳಬಹುದು ಎಂದು ಅಲ್ಲಿದೆ. ಯಾವ ಸ್ಥಿತಿಗೆ ಹೆದರಿ ನಾವು ಅವರನ್ನು ಅಲ್ಲಿಗೆ ಕಳಿಸುತ್ತಿದ್ದೇವೋ ಆ ಸ್ಥಿತಿ ಬಂದ ದಿನವೇ ಹೊರಡಬೇಕಾದರೆ, ಆಗ ಮರಳಿ ಬರಲು ಕುವೆಂಪುನಗರದ ಮನೆಯೂ ಇರುವುದಿಲ್ಲ. ಇಬ್ಬರಲ್ಲಿ ಒಬ್ಬರೇ ಉಳಿದಾಗ ಶುಲ್ಕ ಎಷ್ಟು ಇಳಿಯುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಇಂಥ ವಸತಿಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟಿದವರು, ಸೇವೆ ಕೊಡುವವರು, ಮನೆ ಪಡೆಯುವವರು ಮೂವರೂ ಸಹಿ ಮಾಡುವ ತ್ರಿಪಕ್ಷೀಯ ಕರಾರು ಅದರಲ್ಲಿದೆ. ಈ ಕರಡಿನಲ್ಲಿ ಸೇವೆ ಕೊಡುವವರ ಸಹಿಗೆ ಜಾಗವೇ ಇಲ್ಲ.

ದೊಡ್ಡಣ್ಣ: ನೀನು ಹೇಳುವುದೆಲ್ಲ ಕಾಗದದ ಮಾತು. ಕರಾರು ತಿದ್ದಿಸುತ್ತಾ ಕೂತರೆ ಅಪ್ಪ ಇನ್ನೊಮ್ಮೆ ಬೀಳುವುದಿಲ್ಲ ಎಂದು ಯಾರು ಹೊಣೆ ಹೊರುತ್ತೀರಿ? ಪಿಂಚಣಿಗೆ ಮೀರಿದ ಹಣವನ್ನು ನಾನು ಕೊಡುತ್ತೇನೆ, ಆ ಚಿಂತೆ ಯಾರಿಗೂ ಬೇಡ.

ಅಕ್ಕ: ಹಣಕ್ಕಿಂತ ದೊಡ್ಡದು ಅಲ್ಲಿ ಹೊಂದಿಕೊಳ್ಳುವುದು. ನಮ್ಮ ಅತ್ತೆಯವರು ಇಂಥದೇ ಒಂದು ವಸತಿಗೆ ಹೋದ ಮೊದಲ ಆರು ವಾರ ಪ್ರತಿ ಸಂಜೆ ಧಾರವಾಡಕ್ಕೆ ಫೋನ್ ಮಾಡಿ ಕರೆದುಕೊಂಡು ಹೋಗಿ ಎಂದು ಕೇಳುತ್ತಿದ್ದರು. ಊಟ ಚೆನ್ನಾಗಿತ್ತು, ದಾದಿಯರು ಒಳ್ಳೆಯವರಾಗಿದ್ದರು. ಆದರೆ ಊಟದ ಮೇಜಿನಲ್ಲಿ ಎಲ್ಲರೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತಾಡುತ್ತಿದ್ದುದರಿಂದ ಅವರು ಬೇಗ ಉಂಡು ಎದ್ದುಬಿಡುತ್ತಿದ್ದರು. ಪಕ್ಕದ ಕೋಣೆಗೆ ಗದಗಿನ ಒಬ್ಬ ನಿವೃತ್ತ ಶಿಕ್ಷಕಿ ಬಂದ ಮೇಲೆ ಫೋನ್ ತಾನಾಗಿಯೇ ಕಡಿಮೆಯಾಯಿತು. ನಾವು ಮೊದಲ ಒಂದು ವರ್ಷ ಅವರ ಮನೆಯನ್ನು ಮಾರದೆ ಬೀಗ ಹಾಕಿ ಇಟ್ಟಿದ್ದೆವು; ಬೇಕೆಂದಾಗ ಹೋಗಬಹುದು ಎಂಬ ಧೈರ್ಯವೇ ಅವರನ್ನು ಅಲ್ಲಿ ಉಳಿಸಿತು ಎಂದು ನಾನು ನಂಬಿದ್ದೇನೆ. ಅಮ್ಮನಿಗೆ ಅಡುಗೆಮನೆಯಿಲ್ಲದೆ ದಿನ ಹೋಗುವುದಿಲ್ಲ, ಅದನ್ನೂ ಯೋಚಿಸಬೇಕು.

ಸೋದರಮಾವ: ಹೋಗಲೇಬೇಕಾದರೆ ಕೊಯಮತ್ತೂರನ್ನು ನೋಡಬಹುದು. ಅಲ್ಲಿ ಇಂಥ ವಸತಿಗಳು ಬಹಳ ಇವೆ, ನನ್ನ ಸಹೋದ್ಯೋಗಿಯೊಬ್ಬರು ನೆಮ್ಮದಿಯಾಗಿದ್ದಾರೆ.

ಅಪ್ಪ: ನಾಲ್ಕು ದಿನಗಳಿಂದ ನಿಮ್ಮೆಲ್ಲರ ಬರಹವನ್ನು ಓದುತ್ತಿದ್ದೇನೆ. ಮೊದಲನೆಯದಾಗಿ, ಹೋಗಲು ನನಗೆ ಒಪ್ಪಿಗೆಯಿದೆ. ನನ್ನನ್ನು ಎಬ್ಬಿಸಲು ಹೋಗಿ ನಿಮ್ಮ ಅಮ್ಮನ ಬೆನ್ನು ಇಂದಿಗೂ ನೇರವಾಗಿಲ್ಲ. ಅದನ್ನು ದಿನವೂ ನೋಡುತ್ತಿರುವವನು ನಾನು. ಆದರೆ ದೇವನಹಳ್ಳಿ ಏಕೆ ಎಂಬುದಕ್ಕೆ ವಿಮಾನ ನಿಲ್ದಾಣ ಹತ್ತಿರ ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣಲಿಲ್ಲ. ಅದು ವರ್ಷಕ್ಕೊಮ್ಮೆ ಬರುವ ಮಗನಿಗೆ ಅನುಕೂಲ. ನಾನು ಮೂರು ತಿಂಗಳಿಗೊಮ್ಮೆ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಬೇಕು, ಅಲ್ಲಿನ ವೈದ್ಯರಿಗೆ ನನ್ನ ಹೃದಯದ ಚರಿತ್ರೆ ಗೊತ್ತು. 79ನೇ ವಯಸ್ಸಿನಲ್ಲಿ ಹೊಸ ಮನೆಗೆ ಒಗ್ಗಿಕೊಳ್ಳಬಲ್ಲೆ. ಅದರ ಜೊತೆಗೆ ಹೊಸ ಊರು, ಹೊಸ ವೈದ್ಯರು, ಹೊಸ ಭಾಷೆ ಎಲ್ಲಕ್ಕೂ ಒಟ್ಟಿಗೇ ಒಗ್ಗಿಕೊಳ್ಳಲಾರೆ. ಮೈಸೂರಿನ ಆಸುಪಾಸಿನಲ್ಲೇ ಹುಡುಕಿ.

ಅಮ್ಮ: ನನ್ನ ಅಡುಗೆಮನೆಯ ಬಗ್ಗೆ ಎಲ್ಲರೂ ಚಿಂತೆ ಮಾಡಿದ್ದೀರಿ, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಮದುವೆಯಾಗಿ 52 ವರ್ಷ ದಿನಕ್ಕೆ ಎರಡು ಹೊತ್ತು ಅಡುಗೆ ಮಾಡಿದ್ದೇನೆ, ಅದು ಬಿಟ್ಟುಹೋದರೆ ನನಗೆ ದುಃಖವಿಲ್ಲ. ಬೆಳಿಗ್ಗೆ ಐದಕ್ಕೆ ಡಿಕಾಕ್ಷನ್ ಇಳಿಸಿ ಕಾಫಿ ಮಾಡಿಕೊಳ್ಳಲು ಕೋಣೆಯಲ್ಲೊಂದು ಒಲೆ ಬೇಕು, ಅದು ಇಂಡಕ್ಷನ್ ಆದರೂ ಸರಿ. ಏಳು ಗಂಟೆಗೆ ಊಟದ ಹಜಾರದಲ್ಲಿ ಕೊಡುವ ಕಾಫಿಗೆ ಕಾಯುವುದು ನನ್ನಿಂದಾಗದು. ಮನೆ ಮಾರುವ ಮಾತು ಈಗ ಬೇಡ. ಮೂರು ತಿಂಗಳು ಬಾಡಿಗೆಯ ಲೆಕ್ಕದಲ್ಲಿ ಇದ್ದು ನೋಡುತ್ತೇವೆ, ಆ ಮೂರು ತಿಂಗಳಲ್ಲಿ ಮಳೆಗಾಲದ ಕೆಲವು ದಿನಗಳಾದರೂ ಇರಲಿ, ಹೊರಗೆ ಓಡಾಡಲಾಗದ ದಿನ ಅಲ್ಲಿ ಹೇಗಿರುತ್ತದೆ ಎಂಬುದು ನನಗೆ ತಿಳಿಯಬೇಕು. ಆಮೇಲೆ ನಾನೇ ಹೇಳುತ್ತೇನೆ. ನೀನು ಅಲ್ಲಿ ಒಬ್ಬನೇ ಕೂತು ಕೊರಗಬೇಡ ಮಗು, ಆ ದಿನ ನನಗೆ ನೆರವಾಗಲು ಜನ ಬಂದರು.

ದೊಡ್ಡಣ್ಣ: ಸರಿ ಅಮ್ಮ. ದೇವನಹಳ್ಳಿಯವರಿಗೆ ಬೇಡವೆಂದು ಇಂದೇ ಬರೆಯುತ್ತೇನೆ. ಮನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಮೂರು ತಿಂಗಳಾದ ಮೇಲೆ ಮತ್ತೆ ಎತ್ತುತ್ತೇನೆ. ಆದರೆ ಅಲ್ಲಿಯವರೆಗೆ ಕಾಯದೆ ಈ ವಾರವೇ ಕುವೆಂಪುನಗರದ ಬಚ್ಚಲಿಗೆ ಹಿಡಿಕೆ ಹಾಕಿಸಬೇಕು, ಜಾರದ ಟೈಲ್ಸ್ ಹಾಕಿಸಬೇಕು, ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಬೇಕು. ಒಳಗೆ ಬಿದ್ದವರು ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತಳ್ಳಲಾಗುವುದಿಲ್ಲ.

ನಾನು: ಶನಿವಾರ ಬೆಳಿಗ್ಗೆಯ ರೈಲಿಗೆ ಬರುತ್ತೇನೆ, ಬಡಗಿಗೂ ಗಾರೆಯವರಿಗೂ ಹೇಳಿದ್ದೇನೆ. ಅಪ್ಪ, ಹಿಡಿಕೆ ಎಷ್ಟು ಎತ್ತರಕ್ಕೆ ಬೇಕೆಂದು ನೀವೇ ನಿಂತು ತೋರಿಸಬೇಕು. ಭಾನುವಾರ ಮೈಸೂರಿನ ಎರಡು ವಸತಿಗಳನ್ನು ಮೂವರೂ ಸೇರಿ ನೋಡಿಬರೋಣ, ಮಧ್ಯಾಹ್ನದ ಊಟವನ್ನು ಅಲ್ಲಿಯವರ ಜೊತೆಯಲ್ಲೇ ಮಾಡೋಣ.