ಕೊರಿಯನ್ ಬಾರ್ಬೆಕ್ಯೂ: ಹಂದಿ, ದನದ ಮಾಂಸ ತಿನ್ನದವರು ಹೋಗಬಹುದೇ?

ಬೆಣ್ಣೆನಗರಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಬೆಂಗಳೂರಿಗೆ ಹೋದಾಗ, ತಲೆಗಿಷ್ಟೆಂದು ಹಣ ಕೊಟ್ಟು, ಮೇಜಿನ ಮೇಲೆಯೇ ಮಾಂಸ ಸುಟ್ಟುಕೊಂಡು ಬೇಕಾದಷ್ಟು ತಿನ್ನಬಹುದಾದ ಕೊರಿಯನ್ ಬಾರ್ಬೆಕ್ಯೂ ಹೋಟೆಲಿಗೆ ಕರೆದೊಯ್ಯುತ್ತೇನೆಂದು ಅಲ್ಲಿ ಕೆಲಸದಲ್ಲಿರುವ ಮಗಳು ಹಟ ಹಿಡಿದಿದ್ದಾಳೆ. ನಾನೂ ನಮ್ಮ ಮನೆಯವರೂ ಕೋಳಿ, ಕುರಿ ತಿನ್ನುತ್ತೇವೆ. ಹಂದಿ, ದನದ ಮಾಂಸ ಮುಟ್ಟುವುದಿಲ್ಲ. ನಮ್ಮ ತಾಯಿಯವರು ಮಾಂಸ ಬಿಟ್ಟು ಎಷ್ಟೋ ವರ್ಷಗಳಾದವು. ಮಗಳ ಆಸೆಗೆ ಬೇಡವೆನ್ನಲು ಮನಸ್ಸಿಲ್ಲ, ಆದರೆ ಅವಳ ದುಡ್ಡು ವ್ಯರ್ಥವಾಗಬಾರದು. ತಿಳಿದವರು ದಯವಿಟ್ಟು ಹೇಳಿ.

ಕೋಟೆಯೂರಿನವ (ಚಿತ್ರದುರ್ಗ):

ಸರ್, ಹೋಗುವ ಮೊದಲು ಫೋನ್ ಮಾಡಿ ಕೋಳಿಯಲ್ಲಿ ಎಷ್ಟು ಬಗೆ ಇವೆಯೆಂದು ಕೇಳಿ. ಈ ಅಡುಗೆಯ ಜೀವಾಳ ಹಂದಿ ಮತ್ತು ದನದ ಮಾಂಸ, ಕುರಿ ಅಪರೂಪ. ಕೋಳಿಯಲ್ಲಿ ಒಂದೆರಡೇ ಬಗೆಯಿದ್ದರೆ, ಬಫೆಗಿಂತ ಬೇಕಾದ್ದನ್ನು ಮಾತ್ರ ಆರ್ಡರ್ ಮಾಡುವ ಕೊರಿಯನ್ ಹೋಟೆಲೇ ನಿಮಗೆ ಲಾಭ.

ಕಳೆದ ವರ್ಷ ನಾವು ಆರು ಜನ ಹೋಗಿದ್ದಾಗ ಹಸಿವಿನ ಭರದಲ್ಲಿ ಮೊದಲ ಸುತ್ತಿಗೇ ಎಂಟು ತಟ್ಟೆ ತರಿಸಿದೆವು. ಮೂರು ತಟ್ಟೆ ಹಸಿ ಮಾಂಸ ಹಾಗೆಯೇ ಉಳಿಯಿತು. ಉಳಿಸಿದ್ದಕ್ಕೆ ಬಿಲ್ಲಿನಲ್ಲಿ ಬೇರೆ ಹಣ ಸೇರಿಸಿದರು. ಈ ನಿಯಮವನ್ನು ಮೊದಲೇ ನಮಗೆ ಯಾರೂ ಹೇಳಿರಲಿಲ್ಲ ಎಂಬ ನೋವು ಈಗಲೂ ಇದೆ. ಇಂತಹ ಹೋಟೆಲುಗಳಲ್ಲಿ ಸಮಯದ ಮಿತಿಯೂ ಇರುವುದುಂಟು, ಅದನ್ನೂ ಕೇಳಿಕೊಳ್ಳಿ. ಒಮ್ಮೆಗೆ ಎರಡೇ ತಟ್ಟೆ ತರಿಸಿ.

ದೂರದೂರು (ಈಗ ಹರಿಹರ):

ಕೆಲಸದ ನಿಮಿತ್ತ ಎಂಟು ತಿಂಗಳು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿದ್ದವನು ನಾನು. ಕೋಟೆಯೂರಿನವರ ಲೆಕ್ಕ ಸರಿಯೇ, ಆದರೂ ಹೋಗಬೇಡಿ ಎನ್ನಲು ನನಗೆ ಮನಸ್ಸು ಬಾರದು.

ಮೇಜಿನ ನಡುವೆಯೇ ಒಲೆ ಇರುತ್ತದೆ. ಮಾಂಸವನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ಅಡುಗೆಮನೆಯ ದೊಡ್ಡ ಕತ್ತರಿಯಿಂದ ಅಲ್ಲಿಯೇ ತುಂಡು ಮಾಡುತ್ತಾರೆ. ಲೆಟ್ಯೂಸ್ ಎಲೆಯನ್ನು ಅಂಗೈಯಲ್ಲಿ ಹರಡಿ, ಬೆಂದ ಒಂದು ತುಂಡು, ಬೆಳ್ಳುಳ್ಳಿಯ ಒಂದು ಬಿಲ್ಲೆ, ಬೆರಳ ತುದಿಯಷ್ಟು ಸ್ಸಮ್‌ಜಾಂಗ್ ಇಟ್ಟು, ವೀಳ್ಯದೆಲೆ ಮಡಿಸಿದ ಹಾಗೆ ಮಡಿಸಿ ಇಡಿಯಾಗಿ ಬಾಯಿಗಿಡಬೇಕು. ಈ ಸ್ಸಮ್‌ಜಾಂಗ್ ಸೋಯಾ ಕಾಳನ್ನು ಹುದುಗಿಸಿದ ದ್ವೆನ್‌ಜಾಂಗಿಗೆ ಒಣಮೆಣಸಿನ ಗೊಚುಜಾಂಗ್ ಬೆರೆಸಿದ ಗಟ್ಟಿ ಚಟ್ನಿ. ನಮ್ಮ ಕಡೆಯ ನಾಲಿಗೆಗೆ ಬೇಗ ಒಗ್ಗುತ್ತದೆ.

ಮಸಾಲೆ ಹಾಕದ ಮಾಂಸವನ್ನು ಮೊದಲು ಸುಡಿ. ಮಸಾಲೆಯಲ್ಲಿ ನೆನೆಸಿಟ್ಟ ಬುಲ್ಗೋಗಿಯಂತಹವುಗಳಲ್ಲಿ ಸೋಯಾ ಸಾಸಿನ ಜೊತೆ ಸಕ್ಕರೆಯೂ ಇರುವುದರಿಂದ ಅದು ಬೇಗ ಸೀದು ತಂತಿಗೆ ಅಂಟಿಕೊಳ್ಳುತ್ತದೆ, ಮುಂದಿನದೆಲ್ಲ ಕಹಿಯಾಗುತ್ತದೆ. ಕಪ್ಪಾದ ಜಾಲರಿಯನ್ನು ಬದಲಿಸಿಕೊಡಲು ಸಂಕೋಚವಿಲ್ಲದೆ ಕೇಳಿ. ಕೋಳಿಯನ್ನು ಒಳಗಿನ ಕೆಂಪು ಪೂರ್ತಿ ಹೋಗುವವರೆಗೆ ಬೇಯಿಸಿ, ಹಸಿಯದನ್ನು ಮುಟ್ಟಿದ ಇಕ್ಕಳದಿಂದ ಬೆಂದದ್ದನ್ನು ಎತ್ತಬೇಡಿ.

ನಿಮ್ಮ ತಾಯಿಯವರ ವಿಷಯದಲ್ಲಿ ಮಾತ್ರ ತುಂಬ ಎಚ್ಚರಿಕೆ ಬೇಕು. ಬಾಂಚಾನ್ ಎಂದು ಚಿಕ್ಕ ಬಟ್ಟಲುಗಳಲ್ಲಿ ತಂದಿಡುವ ಪಲ್ಯಗಳು ನೋಡಲು ಬರೀ ತರಕಾರಿಯಂತಿರುತ್ತವೆ. ಆದರೆ ಅದರಲ್ಲಿನ ಕಿಮ್ಚಿಗೆ, ಅಂದರೆ ಖಾರ ಹಾಕಿ ಹುದುಗಿಸಿದ ಎಲೆಕೋಸಿಗೆ, ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪಿನಲ್ಲಿ ಹಾಕಿಟ್ಟ ಸಿಗಡಿ ಬೆರೆಸಿರುತ್ತಾರೆ. ಅಣಬೆ, ಕುಂಬಳ ಸುಡುವುದೂ ಮಾಂಸದ ಕೊಬ್ಬು ಜಿನುಗಿದ ಅದೇ ಒಲೆಯ ಮೇಲೆ. ಗೊತ್ತಿಲ್ಲದೆ ಅವರ ನೇಮ ಮುರಿಯಬಾರದು.

ಬೆಣ್ಣೆನಗರಿ (ದಾವಣಗೆರೆ):

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕಿಮ್ಚಿಯ ವಿಷಯ ಮಗಳಿಗೂ ತಿಳಿದಿರಲಿಲ್ಲ. ಅಜ್ಜಿಗೆ ಅದನ್ನೇ ಬಡಿಸುವವಳಿದ್ದಳಂತೆ. ಕೋಳಿಯ ಬಗೆ, ಉಳಿಸಿದರೆ ದಂಡ, ಸಮಯದ ಮಿತಿ, ಈ ಮೂರನ್ನೂ ಫೋನಿನಲ್ಲಿ ವಿಚಾರಿಸಲು ಹೇಳಿದ್ದೇನೆ. ತಾಯಿಯವರನ್ನು ಅಂದು ಮಧ್ಯಾಹ್ನ ಸಸ್ಯಾಹಾರಿ ಹೋಟೆಲಿಗೆ ಎಲ್ಲರೂ ಸೇರಿ ಕರೆದೊಯ್ದು, ರಾತ್ರಿ ನಾವು ಮೂವರಷ್ಟೇ ಹೋಗುವುದೆಂದು ನಿಶ್ಚಯವಾಗಿದೆ.